ನೀರಿನ ಹೊರಗೆ ಆಡಿದ ಮಾತು

ನಂಜನಮಡುವಿನ ಸ್ವಾಮಿಗಳು ಮೌನವ್ರತದಲ್ಲಿದ್ದಾರೆಂದು ಎಲ್ಲರೂ ನಂಬಿದ್ದರು.

ಕಾವೇರಿಯ ದಂಡೆಯ ಹೊಂಗೆಮರದಡಿ, ಹುಲ್ಲಿನ ಗುಡಿಸಲಿನಲ್ಲಿ ಪೂಜ್ಯರ ವಾಸ. ಒಂದು ಚಾಪೆ, ಒಂದು ಮಣ್ಣಿನ ಕೊಡ, ಬೇರೆ ಸಂಸಾರವಿಲ್ಲ. ಭಕ್ತರು ಹರಿಗೋಲಿನಲ್ಲಿ ಬಂದು, ಬಾಳೆಹಣ್ಣಿಟ್ಟು ಅಡ್ಡಬಿದ್ದು, ಮಕ್ಕಳ ಬಾಯಿಗೆ ಕೈ ಅಡ್ಡವಿಟ್ಟು ಹಿಂದಿರುಗುತ್ತಿದ್ದರು. ಕೆಲವೊಮ್ಮೆ ಸ್ವಾಮಿಗಳ ತುಟಿ ಅಲುಗುತ್ತಿತ್ತು. ಜಪವಿರಬೇಕೆಂದು ಭಕ್ತರು ಇನ್ನೂ ಹಿಂದೆ ಸರಿಯುತ್ತಿದ್ದರು.

ಉತ್ತಪ್ಪನವರು ಭಕ್ತರಲ್ಲ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಡುವಿನ ಮೇಲ್ಗಡೆಯ ಬಂಡೆಯ ಮೇಲೆ ಕೂತು ಗಾಳ ಹಾಕುವವರು. ಮಕ್ಕಳಿರಲಿಲ್ಲ. ಹೆಂಡತಿ ಬೊಳ್ಳಮ್ಮ ಸಾಯುವ ಮುನ್ನ ಅವರ ಕೈ ಹಿಡಿದು, "ಇನ್ನು ಜೀವ ತೆಗೆಯೋದು ಬೇಡ," ಎಂದಿದ್ದರು. ಉತ್ತಪ್ಪನವರು ಮಾತು ಕೊಟ್ಟಿದ್ದರು. ಅಂದಿನಿಂದ ಹಿಡಿದ ಮೀನನ್ನೆಲ್ಲ ಮರಳಿ ನೀರಿಗೆ ಬಿಡುತ್ತಿದ್ದರು. ಗಾಳವನ್ನು ಮಾತ್ರ ಬಿಡಲಾಗಲಿಲ್ಲ. ಮನೆಯಲ್ಲಿ ಕೂತರೆ ಎದುರಿಗೆ ಗೋಡೆ; ಇಲ್ಲಿ ಕೂತರೆ ನದಿಯಾದರೂ ಇತ್ತು.

"ಹಿಡಿದು ಬಿಡೋಕೆ ಮೀನೇ ಯಾಕೆ ಸಾರ್, ಉಸಿರು ಸಾಲದಾ?" ಎಂದು ಹರಿಗೋಲಿನ ಕೆಂಚಯ್ಯ ಹಂಗಿಸುತ್ತಿದ್ದ.

"ನೀನು ಹುಟ್ಟು ಹಾಕಯ್ಯ," ಎನ್ನುತ್ತಿದ್ದರು ಉತ್ತಪ್ಪನವರು. ದಿನದಲ್ಲಿ ಅವರು ಮನುಷ್ಯರೊಡನೆ ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಅಷ್ಟೇ.

ಒಂದು ಬೆಳಿಗ್ಗೆ ಅವರ ಹರಿಗೋಲು ಗುಡಿಸಲಿನ ಮುಂದೆ ಹಾಯ್ದಾಗ, ಸ್ವಾಮಿಗಳು ಮೊಣಕಾಲುದ್ದ ನೀರಿನಲ್ಲಿ ಸತ್ತ ಬಿಳಿಮೀನೊಂದನ್ನು ಎತ್ತಿಕೊಂಡು ನಿಂತಿದ್ದರು. ತುಟಿಯಲ್ಲಿ ಗಾಳದ ಗಾಯ, ಬಾಲದ ಒಂದು ತುದಿ ಹರಿದಿತ್ತು. ಹಿಂದಿನ ಸಂಜೆ ಉತ್ತಪ್ಪನವರು ಬಿಟ್ಟ ಮೀನೇ ಅದು. ಅವರು ನೀರಿಗೆ ಧುಮುಕಿದರು.

"ಇದನ್ನ ನಾನು ಜೀವಂತ ಬಿಟ್ಟಿದ್ದೆ. ನೀವು ಕೊಂದ್ರಾ?"

"ಅಯ್ಯಯ್ಯೋ, ಮಾತಾಡಿಸಬೇಡಿ ಸಾರ್! ವ್ರತ!" ಎಂದು ಕೆಂಚಯ್ಯ ಕೂಗಿಕೊಂಡ.

ಸ್ವಾಮಿಗಳು ಬಾಯಿ ತೆರೆದರು. ಬಹುಕಾಲ ತೆರೆಯದ ಬಾಗಿಲಿನಂತೆ ದನಿ ಕಿರುಗುಟ್ಟಿತು.

"ತೇಲಿ ಬಂತು. ನೀವು ಬಿಟ್ಟವು ಹೀಗೇ ಬರ್ತವೆ, ನಾನು ಹೂಳ್ತೀನಿ. ಬಿಡೋ ಮುಂಚೆ ಏನು ಮಾಡ್ತೀರಿ?"

"ಏನೂ ಇಲ್ಲ. ಸ್ವಲ್ಪ ಹೊತ್ತು ಮಾತಾಡ್ತೀನಿ."

ಅದು ನಿಜ. ಮೀನನ್ನು ತೊಡೆಯ ಮೇಲಿಟ್ಟುಕೊಂಡು ಆ ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದರು: ಕಾಫಿಪುಡಿ ಮುಗಿದದ್ದು, ಬೊಳ್ಳಮ್ಮ ನೆಟ್ಟ ಗುಲಾಬಿಗೆ ಹುಳು ಹತ್ತಿದ್ದು. ಮೀನು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಹೂಂಗುಟ್ಟುತ್ತಿದೆ ಎಂದೇ ಅವರು ತಿಳಿದಿದ್ದರು. ಸುದ್ದಿ ಮುಗಿದ ಮೇಲೆ ಬಿಡುತ್ತಿದ್ದರು.

"ಆಗ ಅದು ನೀರಲ್ಲಿರುತ್ತಾ?" ಎಂದು ಸ್ವಾಮಿಗಳು ಮೆಲ್ಲಗೆ ಕೇಳಿದರು.

ಹೆಂಡತಿಗೆ ಕೊಟ್ಟ ಮಾತನ್ನು ಉತ್ತಪ್ಪನವರು ಮಾತಾಡಿ ಮಾತಾಡಿಯೇ ಮುರಿದಿದ್ದರು. ಅದೂ ಪ್ರತಿ ಸಂಜೆ. ನೀರಿನಲ್ಲೇ ಕುಸಿದು ಕೂತರು.

ಸ್ವಾಮಿಗಳು ಅವರ ಹೆಗಲ ಮೇಲೆ ಕೈಯಿಟ್ಟರು.

"ನನ್ನ ಹತ್ರ ಬನ್ನಿ. ನಾನು ನೀರಿನ ಹೊರಗೂ ಬದುಕ್ತೀನಿ."

ಮರುದಿನ ಉತ್ತಪ್ಪನವರು ಬರಿಗೈಯಲ್ಲಿ ಬಂದರು. ಚಾಪೆಯ ಒಂದು ಬದಿಗೆ ಕೂತು ಹೊತ್ತು ಇಳಿಯುವವರೆಗೆ ಬೊಳ್ಳಮ್ಮನ ವಿಷಯ ಹೇಳಿದರು, ಅತ್ತರು, ಯಾವುದೋ ಹಳೆಯ ಜಗಳ ನೆನೆದು ನಕ್ಕರು. ಸ್ವಾಮಿಗಳು ಕೇಳಿದರು, ನಡುನಡುವೆ, "ಆಮೇಲೆ?" ಎಂದರು. ಗಾಳ ಮತ್ತೆ ನೀರಿಗಿಳಿಯಲಿಲ್ಲ.

ಹೊರಡುವಾಗ ಗಣಿತದ ಮೇಷ್ಟರು, ಬದುಕಿನಲ್ಲಿ ಯಾರಿಗೂ ಬಾಗದವರು, ಪಾದ ಮುಟ್ಟಿದರು.

"ನನ್ನಿಂದ ತಮ್ಮ ವ್ರತ ಕೆಟ್ಟಿತು. ಕ್ಷಮಿಸಬೇಕು."

"ಯಾವ ವ್ರತ?" ಎಂದರು ಸ್ವಾಮಿಗಳು.

ಅವರಿಗೆ ವ್ರತವೇನೂ ಇರಲಿಲ್ಲ. ಅಷ್ಟು ವರ್ಷ ಅವರನ್ನು ಯಾರೂ ಮಾತಾಡಿಸಿರಲಿಲ್ಲ.