ಫಕೀರವ್ವ ಕಿತ್ತ ಚೆಂಡುಹೂವಿನ ಸಸಿಗಳು

ಬೆಳವಲಕೊಪ್ಪದ ಮಠ ಅಂದರೆ ಒಂದು ಗದ್ದುಗೆ, ಎರಡು ಖೋಲಿ, ಒಂದು ಬಾವಿ, ಬಾವಿಯ ಮಗ್ಗುಲಲ್ಲಿ ಪೂಜೆಯ ಹೂದೋಟ. ಪೂಜ್ಯ ಶಾಂತಮಲ್ಲ ಅಜ್ಜನವರು ಭಕ್ತರಿಗೆ ದರ್ಶನ ಕೊಡುತ್ತಿದ್ದದ್ದು ಆ ತೋಟದಲ್ಲೇ, ಅದೂ ಹೆಚ್ಚಾಗಿ ಬೆನ್ನಿನ ದರ್ಶನ. ಕಸ ಕೀಳುವವರು ಮುಖ ಎತ್ತುವುದು ಕಷ್ಟ.

ಒಂದು ಮುಂಜಾನೆ ಕಾಶವ್ವ ತನ್ನ ತಾಯಿ ಫಕೀರವ್ವನ ಕೈಹಿಡಿದು ಕರೆತಂದಳು. ಮುದುಕಿಗೆ ಮರೆವಿನ ರೋಗ. ಹೆತ್ತ ಮಗಳನ್ನೇ "ಯಾರವ್ವಾ ನೀ?" ಅನ್ನುವಳು. ಇವಳು "ನಿನ್ನ ಮಗಳು" ಅನ್ನಬೇಕು, ಅವಳು "ಸುಳ್ಳ ಹೇಳಬ್ಯಾಡ" ಅನ್ನಬೇಕು, ಆಮೇಲೆ ಇಬ್ಬರೂ ಅಳಬೇಕು. ದಿನವೂ ಇದೇ. ಸಂಜೆಗೆ ಮುದುಕಿ ಮನೆಬಿಟ್ಟು ಹೊರಟರೆ ಊರೆಲ್ಲ ಹುಡುಕಾಟ. ದಣಿವು ಕಾಶವ್ವನ ಎಲುಬಿಗೆ ಇಳಿದಿತ್ತು.

"ಅಜ್ಜಾರ, ತಾಯತ ಕಟ್ರಿ. ನೆನಪು ಬರಲಿಲ್ಲಂದ್ರ ಆಕಿನ್ನ ಖೋಲಿಯೊಳಗ ಕೂಡಿ ಕೀಲಿ ಹಾಕತೇನ್ರಿ. ನನ್ನ ಕೈಲೆ ಆಗವಲ್ದು," ಅಂದವಳೇ ಕಟ್ಟೆಯ ಮೇಲೆ ಕೂತಳು. ಕೂತಲ್ಲೇ ನಿದ್ದೆ ಹೋದಳು.

ಎಚ್ಚರಾಗುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಆಯುಷ್ಯವೆಲ್ಲ ಹೊಲದಲ್ಲಿ ಕಸ ಕಿತ್ತ ಫಕೀರವ್ವ, ಇಲ್ಲೂ ಕಸ ಕೀಳಲು ಕೂತಿದ್ದಳು. ಪೂಜೆಗೆಂದು ಹಚ್ಚಿದ ಚೆಂಡುಹೂವಿನ ಸಸಿಗಳನ್ನು ಒಂದೂ ಬಿಡದೆ ಕಿತ್ತಿದ್ದಳು. ಕರಿಕೆ ಹುಲ್ಲನ್ನು ಜೋಪಾನವಾಗಿ ಉಳಿಸಿದ್ದಳು.

ಕಾಶವ್ವ ಎದೆ ಬಡಿದುಕೊಂಡು ಓಡಿದಳು. ಅಜ್ಜನವರು ಕೈಸನ್ನೆಯಲ್ಲೇ ತಡೆದರು. ಕಿತ್ತ ಸಸಿಗಳನ್ನು ಬುಟ್ಟಿಗೆ ತುಂಬಿ, ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಯವ್ವಾ, ನಾ ಹಚ್ಚಿದ ಸಾಲು ಸೊಟ್ಟ ಆಗಿದ್ವು. ನೀ ಹಚ್ಚಿಕೊಡ್ತೀಯೇನು?"

"ಸ್ವಾಮಿಗೋಳಿಗೆ ಹೊಲದ ಕೆಲಸ ಏನ್ ಗೊತ್ತು ಬಿಡು," ಅಂದಳು ಫಕೀರವ್ವ. ಹೆಬ್ಬೆರಳಲ್ಲಿ ಕುಣಿ ತೋಡಿ, ಸಸಿ ಇಟ್ಟು, ಮಣ್ಣು ಒತ್ತಿ, ಮುಂದೆ ಸರಿದಳು. ನೂಲು ಹಿಡಿದಂಥ ಸಾಲು.

ಅಜ್ಜನವರು ತಾಯತ ಕಟ್ಟಲಿಲ್ಲ. "ದಿನಾ ಕರಕೊಂಡು ಬಾ," ಅಂದರು.

ಮುದುಕಿ ಇಂದು ಹಚ್ಚುವುದು, ನಾಳೆ ಕೀಳುವುದು. ಅಜ್ಜನವರು ಹೊಸ ಸಸಿ ಎಬ್ಬಿಸಿ ಕೊಡುವುದು. ದುಡಿದು ದಣಿದವಳು ಸಂಜೆಗೆ ಮನೆಯಲ್ಲೇ ಮಲಗತೊಡಗಿದಳು. ಆದರೆ ಹಂಗಾಮು ಮುಗಿದರೂ ಮಠದಲ್ಲಿ ಒಂದು ಹೂವೂ ಅರಳಲಿಲ್ಲ.

"ಅಜ್ಜಾರ, ಗದ್ದಿಗಿಗೆ ಹೂವಿಲ್ಲ," ಅಂತ ಹಿರಿಯರು ಗೊಣಗಿದರು.

"ಗದ್ದಿಗಿ ಏನ್ ಎದ್ದು ಹೋಗಿಲ್ಲಲ್ಲ?" ಅಂದರು ಪೂಜ್ಯರು.

ಕಾಶವ್ವ ಕೊನೆಗೊಮ್ಮೆ ಕೇಳಿದಳು: "ಆಕಿಗೆ ನೆನಪು ಬಂದೀತೇನ್ರಿ?"

"ನನಗ ಗೊತ್ತಿಲ್ಲವ್ವಾ. ಮಣ್ಣಾಗ ಕೈ ಇದ್ದಾಗ ಆಕಿ ಅಂಜೂದಿಲ್ಲ. ಅಷ್ಟ ನೋಡೀನಿ. ನೀನೂ ಒಂದು ಸಾಲು ಹಿಡಿ."

ಕಾಶವ್ವ ತಾಯಿಯ ಪಕ್ಕದ ಸಾಲಿಗೆ ಕೂತಳು. ಮುದುಕಿ ತಿರುಗಿ ನೋಡಿದಳು. "ಯಾರವ್ವಾ ನೀ?"

ದಿನದ ಉತ್ತರ ನಾಲಿಗೆ ತುದಿಗೆ ಬಂದಿತ್ತು. ಕಾಶವ್ವ ಅದನ್ನು ನುಂಗಿಕೊಂಡಳು. "ಕೂಲಿಗೆ ಬಂದೀನಿ."

"ಹಂಗಾರ ಬಾ. ಮಾತ ಕಡಿಮಿ ಇರಲಿ."

ಒಂದು ಸಸಿ ಹಚ್ಚುವುದರೊಳಗೆ ಕೈಮೇಲೆ ಫಟ್ಟನೆ ಏಟು ಬಿತ್ತು.

"ಬೇರು ಮಡಚಬಾರದು! ನಿಮ್ಮವ್ವ ಏನೂ ಕಲಿಸಿಲ್ಲೇನು ನಿನಗ?"

ಕಾಶವ್ವ ಸಸಿಯನ್ನು ಎತ್ತಿ, ಬೇರು ನೆಟ್ಟಗೆ ಮಾಡಿ, ಮತ್ತೆ ಇಟ್ಟಳು.

"ಈಗ ಕಲಿಸಾಕತ್ತಾಳ ಬೇ."