ಚಳಿಯೇ ಇಲ್ಲ ಎಂದ ಅಧ್ಯಕ್ಷ

ಉಕ್ರೇನ್ ದೇಶವನ್ನು ಆಳಿದವರ ಸಾಲಿನಲ್ಲಿ ಎಷ್ಟು ಹುಡುಕಿದರೂ ಸಿಗದ ಒಬ್ಬ ಅಧ್ಯಕ್ಷನಿದ್ದ. ಹೆಸರು ಸೆವೆರಿನ್. ಒಳ್ಳೆಯದೆಲ್ಲ ತನ್ನಿಂದ ಆಯಿತು, ಕೆಟ್ಟದ್ದೆಲ್ಲ ಪ್ರಧಾನಿಯಿಂದ ಆಯಿತು ಎನ್ನುವುದೇ ಅವನ ರಾಜನೀತಿ. ಆಲೂಗಡ್ಡೆ ತುಟ್ಟಿಯಾದಾಗ ಒಬ್ಬ ಪ್ರಧಾನಿಯನ್ನು ಓಡಿಸಿದ. ಹೊಳೆ ಉಕ್ಕಿದಾಗ ಇನ್ನೊಬ್ಬನನ್ನು ಓಡಿಸಿದ. ಫುಟ್‌ಬಾಲಿನಲ್ಲಿ ದೇಶ ಸೋತಾಗ ಮೂರನೆಯವನೂ ಮನೆಗೆ ಹೋದ.

ನಾಲ್ಕನೆಯವನೇ ಪನಾಸ್. ಸಣ್ಣ ಊರಿನ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಎತ್ತಿಹಾಕುತ್ತಿದ್ದವನು ಕಾರ್ಮಿಕರ ಮುಖಂಡನಾದ, ಮೇಯರ್ ಆದ, ಮಂತ್ರಿಯಾದ. ಕೂಲಿ ಮಾಡಿದವನು, ಹೇಳಿದ್ದು ಕೇಳಿಕೊಂಡು ಬಿದ್ದಿರುತ್ತಾನೆ ಎಂದುಕೊಂಡೇ ಸೆವೆರಿನ್ ಅವನನ್ನು ಪ್ರಧಾನಿ ಮಾಡಿದ. ಕುರ್ಚಿಯಲ್ಲಿ ಕೂತವರು ದುಡಿಯುವವರನ್ನು ಅಳೆಯುವುದೇ ಹೀಗೆ.

ಆ ದೇಶದ ಪಟ್ಟಣಗಳಲ್ಲಿ ಬಡಾವಣೆಗೊಂದು ದೊಡ್ಡ ಬಾಯ್ಲರ್. ಅದರ ಬಿಸಿನೀರು ಕೊಳವೆಗಳಲ್ಲಿ ಹರಿದು ಎಲ್ಲರ ಮನೆಯನ್ನೂ ಬೆಚ್ಚಗಿಡುತ್ತದೆ. ಸೆವೆರಿನ್ ಕಾಲದಲ್ಲಿ ಅವನ ಸಹಿ ಬೀಳದೆ ಯಾವ ಬಾಯ್ಲರನ್ನೂ ಹಚ್ಚುವಂತಿರಲಿಲ್ಲ. ಆ ವರ್ಷ ಚಳಿ ಬೇಗ ಬಂತು. ಸಹಿ ಬರಲಿಲ್ಲ.

"ನನ್ನ ಹುಟ್ಟುಹಬ್ಬ ಮುಂದಿನ ತಿಂಗಳು. ಅವತ್ತು ನಾನೇ ಗುಂಡಿ ಒತ್ತಿ ಜನರಿಗೆ ಶಾಖ ಕೊಡುತ್ತೇನೆ," ಎಂದ ಸೆವೆರಿನ್.

"ಅಲ್ಲಿಯ ತನಕ ಜನ ಏನು ಮಾಡಬೇಕು ಸ್ವಾಮಿ?" ಎಂದ ಪನಾಸ್.

"ಅದು ನಿನ್ನ ಕೆಲಸ. ಒಂದು ಬಾಯ್ಲರೂ ಉರಿಯಬಾರದು, ಒಬ್ಬನೂ ಚಳಿ ಅನ್ನಬಾರದು. ಯಾರಾದರೂ ಅಂದರೋ, ನಿನ್ನ ಕುರ್ಚಿ ಹೋಯಿತು ಅಂತಲೇ ತಿಳಿ."

ಅಂದು ಸಂಜೆಯೇ ಟೀವಿಯಲ್ಲಿ ಕೊಚ್ಚಿಕೊಂಡ: "ನನ್ನ ದೇಶದ ಒಬ್ಬ ಪ್ರಜೆಗೂ ಚಳಿಯಾಗುತ್ತಿಲ್ಲ. ಚಳಿ ಎನ್ನುವವನು ಸುಳ್ಳುಗಾರ!" ಹೇಳುವಾಗ ಮೈಮೇಲೆ ತೆಳು ಅಂಗಿ. ಅವನಿದ್ದ ಅರಮನೆಗೆ ಬೇರೆ ಬಾಯ್ಲರ್ ಇತ್ತು. ಅದಕ್ಕೆ ಯಾರ ಹುಟ್ಟುಹಬ್ಬವೂ ಬೇಕಿರಲಿಲ್ಲ.

ಪನಾಸನ ಅಕ್ಕ ಒದಾರ್ಕಾ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ದಾದಿ. ಅವಳ ಫೋನು ಬಂತು.

"ಏನೋ ಪ್ರಧಾನಿ, ಟೀವಿ ನೋಡಿದೆ. ಇಲ್ಲಿ ಕೂಸುಗಳನ್ನ ತೊಟ್ಟಿಲಲ್ಲಿ ಮಲಗಿಸೋ ಹಾಗಿಲ್ಲ, ತಾಯಂದಿರ ಎದೆಗೇ ಕಟ್ಟಿದ್ದೀವಿ. ಅವುಗಳ ತುಟಿ ನೀಲಿಗಟ್ಟುತ್ತಿದೆ ಕಣೋ. ಅವೂ ಸುಳ್ಳು ಹೇಳ್ತಿವೆಯಾ?"

"ನಾಳೆ ಮಧ್ಯಾಹ್ನದ ತನಕ ತಡಕೋ ಅಕ್ಕಾ."

"ನಿನ್ನ ಕುರ್ಚಿ?"

"ನೆಲದ ಮೇಲೆ ಕೂತು ಅಭ್ಯಾಸವಿದೆ ಬಿಡು."

ಮಾರನೆಯ ದಿನ ಸೋಮವಾರ. ಪ್ರತಿ ಸೋಮವಾರ ಸೆವೆರಿನ್ ಮಂತ್ರಿಗಳನ್ನೆಲ್ಲ ಕೂರಿಸಿಕೊಂಡು ಬೈಯುತ್ತಿದ್ದ. ಟೀವಿಯಲ್ಲಿ ಅದು ನೇರ ಪ್ರಸಾರ. ಪನಾಸ್ ಬೆಳಗ್ಗೆಯೇ ಅರಮನೆಯ ನೆಲಮಾಳಿಗೆಗೆ ಇಳಿದು ಬಾಯ್ಲರ್ ಆರಿಸಿದ. ಕಾವಲಿನವನು ಹೌಹಾರಿದ.

"ಒಂದೂ ಉರಿಯಬಾರದು ಅಂತ ಅಧ್ಯಕ್ಷರ ಅಪ್ಪಣೆ ಕಣಯ್ಯ," ಎಂದು ಪನಾಸ್ ಬೀಗ ಜಡಿದು ಕೀಲಿಕೈ ಜೇಬಿಗಿಳಿಸಿದ.

ಸಭೆ ಕೂಡುವ ಹೊತ್ತಿಗೆ ಸಭಾಂಗಣ ಕೊರೆಯುತ್ತಿತ್ತು. ಅಧ್ಯಕ್ಷ ಉಣ್ಣೆಯ ಕೋಟಿನೊಳಗೆ ಮುದುಡಿದ್ದ. ಮೂಗು ಕೆಂಪಾಗಿತ್ತು. ಕ್ಯಾಮೆರಾ ಎಲ್ಲವನ್ನೂ ತೋರಿಸುತ್ತಿತ್ತು.

"ಯಾ... ಯಾರಯ್ಯ ಇಲ್ಲಿಯ ಬಾಯ್ಲರ್ ಆರಿಸಿದ್ದು?"

"ನಾನೇ ಸ್ವಾಮಿ."

"ಈಗಲೇ ಹಚ್ಚು!"

"ಯಾಕೆ ಸ್ವಾಮಿ, ತಮಗೆ ಚಳಿಯೇ?"

ಸೆವೆರಿನ್ ಬಾಯಿ ತೆರೆದ. ಮೊದಲು ಹಬೆ ಹೊರಬಂತು.

"ಯೋಚಿಸಿ ಹೇಳಿ," ಎಂದ ಪನಾಸ್. "ಈ ದೇಶದ ಒಬ್ಬ ಪ್ರಜೆಗೂ ಚಳಿಯಿಲ್ಲ ಅಂತ ತಾವೇ ಹೇಳಿದ್ದೀರಿ. ತಮಗೆ ಚಳಿಯಾಗುತ್ತಿದ್ದರೆ ತಾವು ಈ ದೇಶದ ಪ್ರಜೆಯಲ್ಲ. ಪ್ರಜೆಯಲ್ಲದವರು ಅಧ್ಯಕ್ಷರಾಗುವಂತಿಲ್ಲ. ಚಳಿಯಿಲ್ಲ ಅಂದರೆ ಸಂತೋಷ, ಸಭೆ ಸಂಜೆಯ ತನಕ ನಡೆಯಲಿ. ಕೋಟು ಮಾತ್ರ ಬಿಚ್ಚಿಡಿ, ಜನ ನೋಡುತ್ತಿದ್ದಾರೆ."

ಕೃಷಿ ಮಂತ್ರಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದಂತೆ ಮಾಡಿ ಪಾರಾದ.

ಸೆವೆರಿನ್ ಕೋಟು ಬಿಚ್ಚಿದ. ತುಟಿ ಕಚ್ಚಿ ಕೂತ. ಆದರೆ ಹಲ್ಲುಗಳು ಅವನ ಪಕ್ಷ ಬಿಟ್ಟು ಹೋದವು. ಮೈಕಿನ ಮುಂದೆಯೇ ಕಟಕಟ ಎಂದು ಸತ್ಯ ಹೇಳತೊಡಗಿದವು.

"ತಾ ಇಲ್ಲಿ ಬಾಯ್ಲರ್ ಹಚ್ಚುವ ಆಜ್ಞೆ! ಎಲ್ಲ ಬಾಯ್ಲರೂ ಹಚ್ಚಿಕೊಂಡು ಸಾಯಿರಿ! ಆದರೆ ಮೊದಲು ನಿನ್ನನ್ನು ಕಿತ್ತುಹಾಕುವ ಕಾಗದ ತಾ. ಮೊದಲ ಸಹಿ ಅದಕ್ಕೇ!"

ತನ್ನನ್ನು ಮೊದಲು ಹೊರಗೆ ಹಾಕಿದರೆ ಶಾಖದ ಆಜ್ಞೆಗೆ ಸಹಿ ಬೀಳುವುದೇ ಇಲ್ಲ ಎಂದು ಪನಾಸನಿಗೆ ಗೊತ್ತಿತ್ತು. ಎರಡೂ ಕಾಗದ ಮುಂದಿಟ್ಟು ಕೈಮುಗಿದ.

"ಶಾಖದ ಆಜ್ಞೆಗೆ ಹೇಗೆ ಗೀಚಿದರೂ ನಡೆಯುತ್ತದೆ ಸ್ವಾಮಿ, ಜನ ಕಣ್ಣಿಗೊತ್ತಿಕೊಳ್ಳುತ್ತಾರೆ. ನನ್ನನ್ನು ಓಡಿಸುವ ಸಹಿ ಮಾತ್ರ ನಡುಗಬಾರದು. ಒಬ್ಬ ಕಲ್ಲಿದ್ದಲಿನವನಿಗೆ ಅಧ್ಯಕ್ಷರು ಹೆದರಿದರು ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಮೊದಲು ಕೈ ಬೆಚ್ಚಗಾಗಲಿ, ಆಮೇಲೆ ಆರಾಮಾಗಿ ನನ್ನನ್ನು ಓಡಿಸಿ."

ಸೆವೆರಿನ್ ತನ್ನ ಕೈ ನೋಡಿಕೊಂಡ. ಕ್ಯಾಮೆರಾ ನೋಡಿದ. ಶಾಖದ ಆಜ್ಞೆಯ ಮೇಲೆ ಕೋಳಿ ಕೆದರಿದಂತೆ ಗೀಚಿದ.

ಮಧ್ಯಾಹ್ನಕ್ಕೆ ಹೆರಿಗೆ ಆಸ್ಪತ್ರೆಯ ಕೊಳವೆಗಳು ಗುಳುಗುಳು ಎಂದವು. ಸಂಜೆಗೆ ಪನಾಸ್ ಮಾಜಿ ಪ್ರಧಾನಿಯಾದ. ಆ ಎರಡನೆಯ ಸಹಿ ಮುತ್ತು ಪೋಣಿಸಿದ ಹಾಗಿತ್ತಂತೆ.