ಕಾಡುಮನುಷ್ಯನ ಕೂದಲು

“ಒಂದು ಕೂದಲು ಮೂಸಿದರೆ ಸಾಕು ಪ್ರಭು, ಅದು ಯಾವ ಮೃಗದ್ದು, ಅದರ ವಯಸ್ಸೆಷ್ಟು, ಗುಣ ಎಂಥದ್ದು, ಎಲ್ಲ ಹೇಳಿಬಿಡ್ತೇನೆ!”

ಹೀಗೆ ಎದೆ ತಟ್ಟಿಕೊಂಡವನು ಬೇಟೆಗಾರ ಶರಭಯ್ಯ. ಕರಿಕಲ್ಲುದುರ್ಗದ ದೊರೆ ಓಬಳನಾಯಕನಿಗೆ ವಿಚಿತ್ರ ಎಂದರೆ ಪ್ರಾಣ. ಜೇನುಗುಡ್ಡದಲ್ಲಿ ಮೈತುಂಬ ರೋಮದ ಕಾಡುಮನುಷ್ಯನಿದ್ದಾನೆ ಎಂದು ಶರಭಯ್ಯ ಹೇಳಿದ್ದೇ ತಡ, ದೊರೆ ಕುಣಿದುಬಿಟ್ಟಿದ್ದ. ಸಾಕ್ಷಿಗೆ ಒಣಗಿದ ಕೆಸರಿನಲ್ಲಿ ಮೊರದಗಲದ ಒಂದು ಹೆಜ್ಜೆ, ಹಿಡಿ ಕೂದಲು.

“ಜನ ಓಡಾಡಿದರೆ ಅವನು ಹೆದರಿ ಓಡಿಹೋಗ್ತಾನೆ” ಎಂದಿದ್ದ ಶರಭಯ್ಯ. ಇನ್ನು ಮೇಲೆ ಗುಡ್ಡಕ್ಕೆ ಶರಭಯ್ಯನೊಬ್ಬನೇ ಹೋಗತಕ್ಕದ್ದು ಎಂದು ಡಂಗುರ ಹೊಡೆಸಿದ್ದಾಯಿತು. ಆರು ತಿಂಗಳಾದರೂ ಕಾಡುಮನುಷ್ಯ ಬರಲಿಲ್ಲ. ಜೇನಿನ ಕೊಡಗಳು ಮಾತ್ರ ಶರಭಯ್ಯನ ಮನೆಗೆ ಸಾಲಾಗಿ ಬಂದವು.

ಜೇನು ಕೀಳುವವರ ಹಟ್ಟಿಯ ಕ್ಯಾತಮ್ಮ ಆಸ್ಥಾನದ ಗೌರಣ್ಣನ ಜಗಲಿಗೆ ಬಂದು ಕೂತಳು.

“ಸಾಮಿ, ಗುಡ್ಡಕ್ಕೆ ಬಿಡದೆ ಜೇನೂ ಇಲ್ಲ, ಮಕ್ಕಳಿಗೆ ಗೆಡ್ಡೆ ಬೇಯಿಸಾಕ್ತಿದ್ದೆ. ಅದೂ ಮುಗೀತು.”

“ನೀನು ಆ ಕಾಡುಮನುಷ್ಯನ್ನ ಕಂಡಿದೀಯಾ ಕ್ಯಾತಮ್ಮ?”

“ಗುಡ್ಡ ಹತ್ತಿ ಹತ್ತಿ ಮಂಡಿ ಸವೆದೈತೆ. ಕರಡಿ ಕಂಡೀನಿ, ಮುಸುವ ಕಂಡೀನಿ. ಅವನೊಬ್ಬನ್ನ ಕಾಣಲಿಲ್ಲ.”



ಅರಮನೆಯಲ್ಲಿ ಗೌರಣ್ಣನಿಗೊಂದು ಯಾರಿಗೂ ಬೇಡದ ಕೆಲಸವಿತ್ತು. ಪ್ರತಿ ಸೋಮವಾರ ದೊರೆಯ ಕ್ಷೌರವಾದ ಮೇಲೆ, ಆ ಕೂದಲಿಂದ ಯಾರೂ ಮಾಟ ಮಾಡಿಸಬಾರದೆಂದು ತಾಮ್ರದ ಭರಣಿಗೆ ತುಂಬಿ ದೊರೆಯೇ ಮುದ್ರೆ ಒತ್ತುತ್ತಿದ್ದ. ಅದನ್ನು ಹೊಳೆಗೆ ಬಿಟ್ಟು ಬರುವುದು ಗೌರಣ್ಣನ ಸೇವೆ. ಆ ಸೋಮವಾರ ಅವನು ಹೊಳೆಗೆ ಹೋಗದೆ ನೇರವಾಗಿ ಸಭೆಗೆ ಬಂದ.

“ಪ್ರಭು, ನನಗೂ ಒಂದಿಷ್ಟು ಕೂದಲು ಸಿಕ್ಕಿದೆ. ಶರಭಯ್ಯನವರು ಪರೀಕ್ಷಿಸಲಿ” ಎಂದು ಮುತ್ತುಗದ ಎಲೆಯ ಪೊಟ್ಟಣ ಬಿಚ್ಚಿದ.

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಜಾತಿ ಶರಭಯ್ಯನದು. ಪುಕ್ಕಟೆ ಸಾಕ್ಷಿಯನ್ನು ಬಿಡುತ್ತಾನೆಯೇ? ಮೂಸಿ, “ಅದೇ ಕಾಡುಮನುಷ್ಯ, ಸಂಶಯವೇ ಇಲ್ಲ!” ಎಂದ.

“ವಯಸ್ಸು?” ಗೌರಣ್ಣ ಕೇಳಿದ.

“ಮುದಿ ಮೃಗ. ಹಲ್ಲೆಲ್ಲ ಅಲ್ಲಾಡ್ತಿವೆ.”

“ಸ್ನಾನಗೀನ?”

“ಹುಟ್ಟಿದಾಗಿಂದ ಮೈಗೆ ನೀರು ಸೋಕಿಲ್ಲ. ಥೂ, ಏನು ನಾತ!”

“ಬುದ್ಧಿ?”

“ಅದೊಂದಿಲ್ಲ ನೋಡಿ. ಎರಡು ಸವಿಮಾತು ಆಡಿದರೆ ಯಾರ ಹಿಂದೆ ಬೇಕಾದರೂ ಬರುತ್ತೆ.”

“ಹಾಗಾದರೆ ಹಿಡಿಯೋದು ಸುಲಭ!” ದೊರೆ ಕೈ ಕೈ ಉಜ್ಜಿಕೊಂಡ.

ಗೌರಣ್ಣ ಒಡೆದ ಮುದ್ರೆಯ ಭರಣಿಯನ್ನು ಮೆಲ್ಲಗೆ ದೊರೆಯ ಮುಂದಿಟ್ಟ. ದೊರೆಯ ಕೈ ತಾನಾಗಿಯೇ ಬೆಳಗ್ಗೆ ಬೋಳಿಸಿದ ಗಲ್ಲಕ್ಕೆ ಹೋಯಿತು.

“ಇದು... ನನ್ನ ಕೂದಲೇ?”

“ಇವತ್ತಿನದೇ, ಪ್ರಭು.”

ಶರಭಯ್ಯನ ಮುಖ ಸುಣ್ಣದಂತಾಯಿತು. ದೊರೆ ಧಡಕ್ಕನೆ ಎದ್ದ.

“ಗೌರಣ್ಣಾ, ತುಂಬಿದ ಸಭೆಯಲ್ಲಿ ನನ್ನನ್ನು ಮೃಗ ಮಾಡಿದೆಯಾ? ನಿನ್ನ ತಲೆ ಉಳಿಯುತ್ತೆ ಅಂದುಕೊಂಡೆಯಾ?”

ಗೌರಣ್ಣ ಕೈಮುಗಿದು ಶರಭಯ್ಯನ ಕಡೆ ನೋಡಿದ.

“ಮೃಗ ಅಂದವರು ಅವರು, ಪ್ರಭು. ಮುದಿತನ ಸುಳ್ಳು, ನಾತ ಸುಳ್ಳು, ಕಾಡುಮನುಷ್ಯನೇ ಸುಳ್ಳು. ಆದರೆ ಒಂದು ಮಾತು ಮಾತ್ರ ನಿಜ ಅನ್ನೋದಕ್ಕೆ ಅವರ ಮನೆಯ ಜೇನಿನ ಕೊಡಗಳೇ ಸಾಕ್ಷಿ.”

“ಯಾವ ಮಾತು?”

“ಎರಡು ಸವಿಮಾತಿನದು.”

ದೊರೆ ಒಂದು ಗಳಿಗೆ ಭರಣಿಯನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಲೋ ಶರಭಯ್ಯ, ಕಾಡುಮನುಷ್ಯನ್ನ ಹಿಡಿಯೋರು ಯಾರಪ್ಪಾ ಅಂತಿದ್ದೆ. ನೀನು ಆರು ತಿಂಗಳ ಹಿಂದೆಯೇ ಹಿಡಿದುಬಿಟ್ಟಿದ್ದೀಯಲ್ಲೋ! ಹೊತ್ಕೋ ಆ ಕೊಡಗಳನ್ನ. ಒಂದೊಂದಾಗಿ, ನಿನ್ನ ತಲೆ ಮೇಲೇ, ಜೇನು ಕೀಳುವವರ ಹಟ್ಟಿಗೆ!”